ಗರ್ಭಕೋಶದ ಹದ: ಭ್ರೂಣ ನೆಲೆಯೂರುವ ಕೆಲವೇ ದಿನಗಳು

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ ಆರೋಗ್ಯ ಪಾಠ

ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದ ಮನೆಯ ತಕರಾರು ಪಂಚಾಯಿತಿ ಸದಸ್ಯರ ಬಳಿಗೆ ಬರುವ ವೇಳೆಗೆ ತೀರ್ಪೊಂದು ಮೊದಲೇ ಸಿದ್ಧವಾಗಿರುತ್ತದೆ. ದೋಷ ಸೊಸೆಯದು, ಆಕೆಯನ್ನು ತವರಿಗೆ ಕಳುಹಿಸಬೇಕು, ಮಗನಿಗೆ ಇನ್ನೊಂದು ಸಂಬಂಧ ನೋಡಬೇಕು, ಊರಿನ ಹಿರಿಯರು ಇದಕ್ಕೆ ಒಪ್ಪಿಗೆ ಕೊಡಿಸಬೇಕು. ಬೆಳೆಯದ ಹೊಲವನ್ನು ಬಂಜರೆಂದೂ ಹೆರದ ಹೆಣ್ಣನ್ನು ಬಂಜೆಯೆಂದೂ ಕರೆಯುವ ರೂಢಿ ಹಳೆಯದು. ಬೀಜ ಗಂಡಿನದು, ನೆಲ ಹೆಣ್ಣಿನದು, ಮೊಳೆಯದಿದ್ದರೆ ನೆಲದ ತಪ್ಪು ಎಂಬುದು ಆ ರೂಢಿಯ ತರ್ಕ. ಹಿಂದೂ ವಿವಾಹ ಅಧಿನಿಯಮ, 1955ರಲ್ಲಿ ಮಕ್ಕಳಾಗದಿರುವುದು ವಿಚ್ಛೇದನಕ್ಕೆ ಆಧಾರವಲ್ಲ. ಮೊದಲ ವಿವಾಹ ಊರ್ಜಿತದಲ್ಲಿರುವಾಗ ಮಾಡುವ ಎರಡನೆಯ ವಿವಾಹ ಅಸಿಂಧು ಮಾತ್ರವಲ್ಲ, ಶಿಕ್ಷಾರ್ಹವೂ ಹೌದು. ಕಾನೂನಿನ ಮಾತು ಹಾಗಿರಲಿ, ಶರೀರಶಾಸ್ತ್ರವೂ ಈ ತರ್ಕವನ್ನು ಒಪ್ಪುವುದಿಲ್ಲ.

ಹೊಲದ ಹೋಲಿಕೆಯಲ್ಲಿ ಒಂದು ಅಂಶ ಮಾತ್ರ ನಿಜ. ಬಿತ್ತನೆಗೆ ಹದ ಬೇಕು. ಮಳೆ ಬಿದ್ದ ಮರುಕ್ಷಣವೇ ಕೂರಿಗೆ ಹೂಡುವಂತಿಲ್ಲ, ಹಸಿ ಆರಿದ ಮೇಲೆ ಹೂಡಿಯೂ ಫಲವಿಲ್ಲ. ನಡುವಿನ ಕೆಲವು ದಿನಗಳೇ ಹದ. ಗರ್ಭಕೋಶದ ಒಳಪೊರೆಗೂ ಇಂತಹುದೇ ಒಂದು ಹದವಿದೆ. ತಿಂಗಳ ಉಳಿದೆಲ್ಲ ದಿನಗಳಲ್ಲಿ ಆ ಪೊರೆ ಭ್ರೂಣವನ್ನು ಅಂಟಿಸಿಕೊಳ್ಳುವುದಿಲ್ಲ. ಈ ಹದ ಹೇಗೆ ಬರುತ್ತದೆ, ಯಾವುದರಿಂದ ಕೆಡುತ್ತದೆ, ಯಾವುದರಿಂದ ಕೆಡುವುದಿಲ್ಲ ಎಂಬುದನ್ನು ತಿಳಿದ ಸದಸ್ಯರು ಮೇಲೆ ಹೇಳಿದ ತಕರಾರನ್ನು ಬೇರೆಯೇ ರೀತಿಯಲ್ಲಿ ವಿಚಾರಿಸುವರು.

ಒಳಪೊರೆ ಮತ್ತು ಅದರ ತಿಂಗಳ ಕೆಲಸ

ಗರ್ಭಿಣಿಯಲ್ಲದ ಪ್ರಾಯದ ಸ್ತ್ರೀಯ ಗರ್ಭಕೋಶ ಸುಮಾರು 7.5 ಸೆಂಟಿಮೀಟರ್ ಉದ್ದದ, ದಪ್ಪ ಸ್ನಾಯುಗೋಡೆಯ ಅಂಗ. ಅದರ ಒಳಗೆ ಚೀಲದಂತೆ ಬಿಚ್ಚಿಕೊಂಡ ಜಾಗವಿರುವುದಿಲ್ಲ. ಮುಂದಿನ ಮತ್ತು ಹಿಂದಿನ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಗೋಡೆಯ ಒಳಮೈಗೆ ಹೊದಿಸಿದ ಮೆತ್ತನೆಯ ಪೊರೆಯನ್ನು ಎಂಡೊಮೆಟ್ರಿಯಂ ಎನ್ನುತ್ತಾರೆ. ಇದರಲ್ಲಿ ಎರಡು ಪದರಗಳು. ಸ್ನಾಯುವಿಗೆ ತಾಗಿದ ತಳಪದರ ಸ್ಥಿರವಾದುದು. ಅದರ ಮೇಲಿನ ಪದರ ಪ್ರತಿ ತಿಂಗಳು ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಹೋಗುತ್ತದೆ. ತಳಪದರ ಉಳಿದಿರುವವರೆಗೆ ಮೇಲ್ಪದರ ಮತ್ತೆ ಚಿಗುರುತ್ತದೆ. ಈ ಒಂದು ಮಾತನ್ನು ಸದಸ್ಯರು ನೆನಪಿನಲ್ಲಿಡಬೇಕು. ಮುಂದೆ ಕ್ಷಯದ ವಿಷಯ ಬಂದಾಗ ಇದು ಬೇಕಾಗುತ್ತದೆ.

ಮುಟ್ಟು ನಿಂತಾಗ ಪೊರೆ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಅಂಡಾಶಯದಲ್ಲಿ ಬೆಳೆಯುತ್ತಿರುವ ಅಂಡಕೋಶ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರ ಪ್ರಭಾವದಿಂದ ಜೀವಕೋಶಗಳು ಹೆಚ್ಚಿ, ರಕ್ತನಾಳಗಳು ಮೇಲೆದ್ದು, ಪೊರೆ ಹಲವು ಪಟ್ಟು ದಪ್ಪವಾಗುತ್ತದೆ. ದಪ್ಪವಾದ ಮಾತ್ರಕ್ಕೆ ಹದ ಬಂದಂತಲ್ಲ. ಇದು ಉಳುಮೆ ಮಾತ್ರ.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಕೋಶ ಒಡೆದು ಅಂಡಾಣು ಹೊರಬರುತ್ತದೆ. ಒಡೆದ ಕೋಶವು ಹಳದಿ ಬಣ್ಣದ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಎರಡನೆಯ ಹಾರ್ಮೋನನ್ನು ಸ್ರವಿಸುತ್ತದೆ. ಹದ ತರುವುದು ಇದೇ. ಇದು ಬಂದೊಡನೆ ಪೊರೆಯ ಬೆಳವಣಿಗೆ ನಿಂತು ಸ್ವಭಾವವೇ ಬದಲಾಗುತ್ತದೆ. ನೇರವಾಗಿದ್ದ ಗ್ರಂಥಿಗಳು ಸುರುಳಿಯಾಗಿ, ಗ್ಲೈಕೋಜನ್ ಮೊದಲಾದ ಪೋಷಕಾಂಶಗಳುಳ್ಳ ರಸವನ್ನು ಒಸರುತ್ತವೆ. ಮಾಸು ಇನ್ನೂ ಮೂಡದ ಮೊದಲ ವಾರಗಳಲ್ಲಿ ಭ್ರೂಣಕ್ಕೆ ಈ ರಸವೇ ಆಹಾರ. ಪೊರೆಯ ತಿರುಳು ನೀರುಂಡು ಮೆದುವಾಗುತ್ತದೆ. ರಕ್ತನಾಳಗಳು ಸುರುಳಿ ಸುತ್ತುತ್ತವೆ. ತಿರುಳಿನ ಕೋಶಗಳು ತೆಳ್ಳಗಿನ ಆಕಾರ ಬಿಟ್ಟು ಉಬ್ಬಿ ದುಂಡಾಗುತ್ತವೆ. ಪೊರೆ ಯಾವ ದಿನ ಯಾವ ರೂಪದಲ್ಲಿರುತ್ತದೆ ಎಂಬುದನ್ನು ನೋಯ್ಸ್, ಹರ್ಟಿಗ್ ಮತ್ತು ರಾಕ್ ಎಂಬ ಮೂವರು ಅಮೆರಿಕದ ವೈದ್ಯರು 1950ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ದಿನವಾರು ದಾಖಲಿಸಿದರು. ದಶಕಗಳ ಕಾಲ ವೈದ್ಯರು ಆ ಪಟ್ಟಿಯನ್ನೇ ಅನುಸರಿಸಿದರು.

ಹೈನುಗಾರಿಕೆ ಬಲ್ಲ ಸದಸ್ಯರಿಗೆ ಇಲ್ಲೊಂದು ಪ್ರಶ್ನೆ ಏಳಬಹುದು. ಬೆದೆ ಮುಗಿದ ಒಂದೆರಡು ದಿನಕ್ಕೆ ಹಸುವಿನಲ್ಲಿಯೂ ಸ್ವಲ್ಪ ರಕ್ತ ಕಾಣುವುದುಂಟು, ಅದು ಮುಟ್ಟಲ್ಲ. ಹಸುವಿನ ಗರ್ಭಕೋಶ ತನ್ನ ಪೊರೆಯನ್ನು ಮನುಷ್ಯರಂತೆ ಪ್ರತಿ ಸರತಿಯೂ ಕಳಚುವುದಿಲ್ಲ. ಮನುಷ್ಯರಲ್ಲಿ, ಕೆಲವು ಕೋತಿಗಳಲ್ಲಿ, ಕೆಲವು ಬಾವಲಿಗಳಲ್ಲಿ ಮತ್ತು ಬೆರಳೆಣಿಕೆಯ ಇತರ ಪ್ರಾಣಿಗಳಲ್ಲಿ ಮಾತ್ರ ಭ್ರೂಣ ಬರುವ ಮೊದಲೇ ಪೊರೆ ತಾನಾಗಿ ಈ ಕೊನೆಯ ಸಿದ್ಧತೆ ಮಾಡಿಕೊಳ್ಳುತ್ತದೆ. ಭ್ರೂಣ ಬಾರದಿದ್ದರೆ ಆ ಸಿದ್ಧತೆಯನ್ನು ಹಿಂದಕ್ಕೆ ತಿರುಗಿಸುವ ದಾರಿಯಿಲ್ಲ, ಕಳಚಲೇಬೇಕು. ಮುಟ್ಟು ಮೈಲಿಗೆಯೂ ಅಲ್ಲ, ಕೆಟ್ಟ ರಕ್ತವೂ ಅಲ್ಲ. ಅತಿಥಿ ಬಾರದ ದಿನ ಬಡಿಸದೆ ಉಳಿದ ಎಲೆ ಅದು.

ಬಾಗಿಲು ತೆರೆಯುವ ದಿನಗಳು

ಅಂಡಾಣು ಮತ್ತು ವೀರ್ಯಾಣು ಕೂಡುವುದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಅಲ್ಲಿಂದ ಭ್ರೂಣ ವಿಭಜನೆಗೊಳ್ಳುತ್ತ ಮೂರು ನಾಲ್ಕು ದಿನಗಳಲ್ಲಿ ಗರ್ಭಕೋಶವನ್ನು ತಲುಪುತ್ತದೆ. ಐದಾರನೆಯ ದಿನಕ್ಕೆ ಟೊಳ್ಳು ಚೆಂಡಿನಂತಾಗಿ, ತನ್ನ ಸುತ್ತಲಿನ ಹೊರಚಿಪ್ಪನ್ನು ಒಡೆದು ಹೊರಬರುತ್ತದೆ. ಆ ವೇಳೆಗೆ ಸರಿಯಾಗಿ ಪೊರೆ ಹದಕ್ಕೆ ಬಂದಿರಬೇಕು. 28 ದಿನಗಳ ಋತುಚಕ್ರದಲ್ಲಿ ಈ ಹದ ಸ್ಥೂಲವಾಗಿ 20ರಿಂದ 24ನೆಯ ದಿನದವರೆಗೆ.

ಇದನ್ನು ಗರ್ಭಧಾರಣೆಗೆ ದಂಪತಿಗಳು ಕೂಡಬೇಕಾದ ದಿನಗಳೊಂದಿಗೆ ಬೆರೆಸಬಾರದು. ಕೂಡುವಿಕೆಗೆ ಫಲವತ್ತಾದ ದಿನಗಳು ಆರು: ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ. ಪೊರೆಯ ಹದ ಬರುವುದು ಅದಾದ ಒಂದು ವಾರಕ್ಕೆ, ದಂಪತಿಗಳ ಅರಿವಿಗೆ ಬಾರದಂತೆ.

ಹದದ ದಿನಗಳಲ್ಲಿ ಪೊರೆಯ ಮೇಲ್ಮೈಯಲ್ಲಿ ಆಗುವ ಬದಲಾವಣೆ ವಿಸ್ಮಯಕರ. ಉಳಿದ ದಿನಗಳಲ್ಲಿ ಅಲ್ಲಿ ಸಕ್ಕರೆ ಅಂಶ ಬೆರೆತ ಪ್ರೋಟೀನುಗಳ ನುಣುಪಾದ ಹೊದಿಕೆ ಇದ್ದು, ಯಾವುದನ್ನೂ ಅಂಟಲು ಬಿಡುವುದಿಲ್ಲ. ಹದದ ದಿನಗಳಲ್ಲಿ ಭ್ರೂಣ ತಾಗುವ ಜಾಗದಲ್ಲಿ ಆ ಹೊದಿಕೆ ಸರಿಯುತ್ತದೆ. ಅಂಟಿಸಿಕೊಳ್ಳುವ ಅಣುಗಳು ಮೇಲೆ ಕಾಣಿಸಿಕೊಳ್ಳುತ್ತವೆ. ಭ್ರೂಣ ಮೊದಲು ಮೆಲ್ಲಗೆ ತಾಗಿ ಉರುಳುತ್ತದೆ, ಬಳಿಕ ಗಟ್ಟಿಯಾಗಿ ಅಂಟುತ್ತದೆ, ಆಮೇಲೆ ಪೊರೆಯನ್ನು ಬಗೆದು ಒಳಗೆ ಇಳಿಯುತ್ತದೆ. ಪೊರೆಯ ಪಾಲು ಇದರಲ್ಲಿ ಎಷ್ಟು ದೊಡ್ಡದು ಎಂಬುದಕ್ಕೆ 1992ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ಗರ್ಭಕೋಶದ ಪೊರೆ ಸ್ರವಿಸುವ ಒಂದು ನಿರ್ದಿಷ್ಟ ಪ್ರೋಟೀನು ಇಲ್ಲದ ಹೆಣ್ಣಿಲಿಗಳಲ್ಲಿ ಭ್ರೂಣಗಳು ಚೆನ್ನಾಗಿಯೇ ಬೆಳೆದವು, ಆದರೆ ಒಂದೂ ನೆಲೆಯೂರಲಿಲ್ಲ. ಅವೇ ಭ್ರೂಣಗಳನ್ನು ಬೇರೆ ಇಲಿಗಳ ಗರ್ಭಕೋಶಕ್ಕೆ ವರ್ಗಾಯಿಸಿದಾಗ ನೆಲೆಯೂರಿ ಮರಿಗಳಾದವು.

ಆದರೆ ಪೊರೆಯನ್ನು ಕೇವಲ ಸ್ವಾಗತಿಸುವ ಅಂಗವೆಂದು ತಿಳಿದರೆ ಅರ್ಧ ತಿಳಿದಂತೆ. ಅಂಡನಾಳದಂತಹ ಸಲ್ಲದ ಜಾಗದಲ್ಲಿಯೂ ಭ್ರೂಣ ಕೆಲವೊಮ್ಮೆ ಅಂಟಿ ಬೆಳೆಯುತ್ತದೆ. ಅಲ್ಲಿ ತಡೆಯುವ, ಅಳೆಯುವ ಪೊರೆ ಇಲ್ಲದ್ದರಿಂದ ಅದು ನಾಳವನ್ನೇ ಒಡೆದು ತಾಯಿಯ ಪ್ರಾಣಕ್ಕೆ ಎರವಾಗುತ್ತದೆ. (ಮುಟ್ಟು ತಪ್ಪಿದ ಸ್ತ್ರೀಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು ಬಂದರೆ ರಾತ್ರಿಯೆಂದು ಕಾಯದೆ 108 ಆಂಬ್ಯುಲೆನ್ಸ್ ಕರೆಯಬೇಕು.) ಗರ್ಭಕೋಶದ ಒಳಪೊರೆ ಭ್ರೂಣವನ್ನು ಬರಮಾಡಿಕೊಳ್ಳುವಷ್ಟೇ ಕಟ್ಟುನಿಟ್ಟಾಗಿ ಪರಿಶೀಲಿಸುತ್ತದೆ. ಉಬ್ಬಿ ದುಂಡಾದ ಆ ಕೋಶಗಳು ಬೆಳವಣಿಗೆ ಕೆಟ್ಟ ಭ್ರೂಣದ ಸುಳಿವನ್ನು ಗ್ರಹಿಸಿ ಬೆಂಬಲ ಹಿಂತೆಗೆಯುತ್ತವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಅನೇಕ ತಿಂಗಳು ಗರ್ಭ ನಿಲ್ಲದಿರುವುದು ಪೊರೆಯ ಸೋಲಲ್ಲ, ಅದರ ಎಚ್ಚರ.

ಲೆಕ್ಕ ಹೇಳುವುದೇನು

ಅಮೆರಿಕದಲ್ಲಿ ವಿಲ್‌ಕಾಕ್ಸ್ ಮತ್ತು ಸಹೋದ್ಯೋಗಿಗಳು ಮಗು ಬಯಸಿದ 221 ಆರೋಗ್ಯವಂತ ಸ್ತ್ರೀಯರ ಮೂತ್ರವನ್ನು ದಿನವೂ ಪರೀಕ್ಷಿಸಿ 1988ರಲ್ಲಿ ಮತ್ತು 1999ರಲ್ಲಿ ಪ್ರಕಟಿಸಿದ ಅಂಕಿಗಳು ಈ ವಿಷಯದಲ್ಲಿ ಇಂದಿಗೂ ಆಧಾರ. ಮೂತ್ರ ಪರೀಕ್ಷೆಯಲ್ಲಿ ಸುಳಿವು ಸಿಕ್ಕ ಗರ್ಭಗಳಲ್ಲಿ ಶೇ. 22ರಷ್ಟು, ಗರ್ಭವೆಂದು ಯಾರಿಗೂ ತಿಳಿಯುವ ಮೊದಲೇ ಕಳೆದುಹೋದವು. ಆ ಸ್ತ್ರೀಯರಿಗೆ ಕಂಡದ್ದು ಎಂದಿನಂತಹ, ಹೆಚ್ಚೆಂದರೆ ಒಂದೆರಡು ದಿನ ತಡವಾದ ಮುಟ್ಟು. ಆರು ವಾರ ಮತ್ತು ಮೇಲ್ಪಟ್ಟು ಉಳಿದ ಗರ್ಭಗಳಲ್ಲಿ ಶೇ. 84ರಷ್ಟು, ಅಂಡಾಣು ಹೊರಬಂದ 8, 9 ಅಥವಾ 10ನೆಯ ದಿನ ನೆಲೆಯೂರಿದ್ದವು. 9ನೆಯ ದಿನದೊಳಗೆ ನೆಲೆಯೂರಿದವುಗಳಲ್ಲಿ ಶೇ. 13 ಮಾತ್ರ ಬೇಗ ನಷ್ಟವಾದವು. 10ನೆಯ ದಿನ ನೆಲೆಯೂರಿದವುಗಳಲ್ಲಿ ಶೇ. 26, 11ನೆಯ ದಿನ ಶೇ. 52, ಅದಕ್ಕೂ ತಡವಾದವುಗಳಲ್ಲಿ ಶೇ. 82. ಬಾಗಿಲು ಎಷ್ಟು ಕಿರಿದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವಂತಿಲ್ಲ.

ಗಂಡಹೆಂಡಿರಿಬ್ಬರೂ ಪೂರ್ಣ ಆರೋಗ್ಯವಂತರಾಗಿದ್ದರೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು ಅಥವಾ ಅದಕ್ಕಿಂತ ಕಡಿಮೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 12 ತಿಂಗಳು ಪ್ರಯತ್ನಿಸಿದ ಬಳಿಕವೂ ಗರ್ಭ ನಿಲ್ಲದಿದ್ದರೆ ಮಾತ್ರ ಅದನ್ನು ಸಂತಾನಹೀನತೆಯ ಸಮಸ್ಯೆ ಎನ್ನುತ್ತದೆ. ಮದುವೆಯಾದ ಮೂರನೆಯ ತಿಂಗಳಿಗೆ ಹರಕೆ ಹೊರುವ, ಆರನೆಯ ತಿಂಗಳಿಗೆ ಮೂದಲಿಸುವ ಮನೆಗಳಿಗೆ ಆಶಾ ಕಾರ್ಯಕರ್ತೆ ಈ ಲೆಕ್ಕವನ್ನೇ ಹೇಳಬೇಕು. ಸ್ತ್ರೀಯ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಲೇಸು.

ಕಾಣಬೇಕಾದವರು ಇಬ್ಬರು. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣ, ತಾನೇ ಆಗಿಯೋ ಇನ್ನೊಂದರ ಜೊತೆಗೋ, ಇರುತ್ತದೆ. ವೀರ್ಯ ಪರೀಕ್ಷೆ ನೋವಿಲ್ಲದ್ದು, ಅಗ್ಗದ್ದು, ಮೊದಲು ಆಗಬೇಕಾದ್ದು. ಅದನ್ನು ಮಾಡಿಸದೆ ಹೆಂಡತಿಯನ್ನು ವರ್ಷಗಟ್ಟಲೆ ಆಸ್ಪತ್ರೆಗೆ ಅಲೆಸುವುದು ಎಲ್ಲ ತಾಲ್ಲೂಕುಗಳಲ್ಲೂ ಕಾಣುವ ಸಂಗತಿ. ಇದಕ್ಕೆ ಗಂಡಸಿನ ಸಂಕೋಚವಲ್ಲದೆ ಬೇರೆ ವಿವರಣೆಯಿಲ್ಲ.

ಕೆಡಿಸದ ಸಂಗತಿಗಳು, ಕೆಡಿಸುವ ಸಂಗತಿಗಳು

ಕೊಡ ಹೊತ್ತದ್ದರಿಂದ, ಕಳೆ ತೆಗೆದದ್ದರಿಂದ, ಬಸ್ಸಿನಲ್ಲಿ ಕುಲುಕಿದ್ದರಿಂದ ಭ್ರೂಣ ಉದುರಿತು ಎಂಬ ಮಾತು ಊರೂರಲ್ಲಿದೆ. ತಾಗಿಕೊಂಡ ಎರಡು ಗೋಡೆಗಳ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಭ್ರೂಣ ಕುಲುಕಾಟಕ್ಕೆ ಜಾರುವುದಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸಿದ ನಂತರವೂ ಹಾಸಿಗೆ ಹಿಡಿದು ಮಲಗಿದ್ದರಿಂದ ಫಲಿತಾಂಶ ಹೆಚ್ಚಲಿಲ್ಲವೆಂದು ಅಧ್ಯಯನಗಳು ತೋರಿಸಿವೆ. ವಂಕಿ ಎಂದು ಕರೆಯುವ ಕಾಪರ್-ಟಿ ತೆಗೆಸಿದೊಡನೆ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ಅಂತರ ಚುಚ್ಚುಮದ್ದಿನ ಪರಿಣಾಮ ಇಳಿಯಲು ಮಾತ್ರ ಕೆಲವು ತಿಂಗಳು ಹಿಡಿಯುತ್ತದೆ. ಅದು ತಡವೇ ಹೊರತು ಹಾನಿಯಲ್ಲ.

ಪೊರೆಗೆ ನಿಜವಾದ ಹಾನಿ ಆಗುವುದು ತಳಪದರ ಹರಿದಾಗ ಅಥವಾ ಕೊಳೆತಾಗ. ಅರ್ಹತೆಯಿಲ್ಲದವರ ಕೈಯಲ್ಲಿ ಗರ್ಭಪಾತ ಮಾಡಿಸಿದಾಗ, ಹೆರಿಗೆಯ ನಂತರ ಉಳಿದ ಮಾಸನ್ನು ಒರಟಾಗಿ ಕೆರೆದು ತೆಗೆದಾಗ, ಸೋಂಕು ಬಲಿತಾಗ ಗೋಡೆಗಳೆರಡೂ ಗಾಯದ ಕಲೆಯಿಂದ ಅಂಟಿಕೊಳ್ಳುತ್ತವೆ. ಆಗ ಮುಟ್ಟು ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. 1948ರಲ್ಲಿ ಇದನ್ನು ವಿವರಿಸಿದ ಆಶರ್‌ಮನ್ ಎಂಬ ವೈದ್ಯರ ಹೆಸರೇ ಈ ಸ್ಥಿತಿಗೆ ಬಂದಿದೆ.

ಹದದ ಹೆಸರಿನಲ್ಲಿ ಹಣ

ಪ್ರನಾಳ ಶಿಶು ಚಿಕಿತ್ಸೆಗೆ ಹೋದ ಕುಟುಂಬಗಳು ಜಮೀನು ಅಡವಿಟ್ಟ ಉದಾಹರಣೆಗಳು ಸದಸ್ಯರಿಗೆ ಗೊತ್ತಿರುತ್ತವೆ. ಈ ಚಿಕಿತ್ಸೆಯ ಇತಿಹಾಸದಲ್ಲಿ ಪೊರೆಯ ಹದವನ್ನು ಮೊದಲು ಮನಗಂಡವರಲ್ಲಿ ಕಲ್ಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯ ಒಬ್ಬರು. ಅವರು ಭ್ರೂಣವನ್ನು 53 ದಿನ ಶೈತ್ಯದಲ್ಲಿ ಕಾಪಿಟ್ಟು, ಔಷಧಿಯ ಒತ್ತಡವಿಲ್ಲದ ಮುಂದಿನ ಸಹಜ ಋತುಚಕ್ರದಲ್ಲಿ ತಾಯಿಯ ಗರ್ಭಕೋಶಕ್ಕೆ ಸೇರಿಸಿದರು. 1978ರ ಅಕ್ಟೋಬರ್ 3ರಂದು ಭಾರತದ ಮೊದಲ ಪ್ರನಾಳ ಶಿಶು ಜನಿಸಿತು. ಸರ್ಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಜೀವ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾಗಿ, ದೇಶದಲ್ಲಿ ಮೊದಲಿಗರೆಂಬ ಮನ್ನಣೆ ಪಡೆದಿದ್ದ ಡಾ. ಟಿ.ಸಿ. ಆನಂದ್ ಕುಮಾರ್ ಅವರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಆ ಮನ್ನಣೆ ಅವರಿಗೆ ಸಲ್ಲಬೇಕೆಂದು 1997ರಲ್ಲಿ ಬರೆದರು. ಇಂದು ಭ್ರೂಣವನ್ನು ಶೈತ್ಯದಲ್ಲಿಟ್ಟು ಮುಂದಿನ ತಿಂಗಳು ಸೇರಿಸುವುದು ಲೋಕದೆಲ್ಲೆಡೆ ವಾಡಿಕೆಯಾಗಿದೆ.

ಇದೇ ಹದದ ಹೆಸರಿನಲ್ಲಿ ಪ್ರಯೋಜನ ಸಾಬೀತಾಗದ ಸೇವೆಗಳೂ ಮಾರಾಟವಾಗುತ್ತವೆ. ಪೊರೆಯ ಚೂರನ್ನು ತೆಗೆದು ಅದರ ವಂಶವಾಹಿಗಳ ಚಟುವಟಿಕೆಯಿಂದ ಹದದ ದಿನವನ್ನು ಹೇಳುವ ದುಬಾರಿ ಪರೀಕ್ಷೆ ಒಂದು. 2022ರಲ್ಲಿ ಪ್ರಕಟವಾದ, 767 ಮಂದಿಯ ಪ್ರಯೋಗದಲ್ಲಿ ಆ ಪರೀಕ್ಷೆಯಂತೆ ದಿನ ಬದಲಿಸಿದವರಲ್ಲಿ ಶೇ. 58.5, ಬದಲಿಸದವರಲ್ಲಿ ಶೇ. 61.9ರಷ್ಟು ಜೀವಂತ ಜನನಗಳಾದವು. ಪೊರೆಯನ್ನು ಮೊದಲೇ ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂಬುದು ಇನ್ನೊಂದು. 1,364 ಸ್ತ್ರೀಯರ ಮೇಲಿನ 2019ರ ಪ್ರಯೋಗದಲ್ಲಿ ಗೀರಿದವರಲ್ಲಿಯೂ ಗೀರದವರಲ್ಲಿಯೂ ಫಲಿತಾಂಶ ಒಂದೇ: ಶೇ. 26.1. ಸಲಹೆ ಕೇಳಿ ಬಂದ ದಂಪತಿಗಳಿಗೆ ಸದಸ್ಯರು ವೈದ್ಯಕೀಯ ಸಲಹೆ ನೀಡಬೇಕಿಲ್ಲ. ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ನಿಯಂತ್ರಣ ಅಧಿನಿಯಮ, 2021ರ ಅಡಿ ಆ ಕೇಂದ್ರ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಲು, ಪ್ರತಿ ಹೆಚ್ಚುವರಿ ಪರೀಕ್ಷೆಗೆ ಕಾರಣವೇನೆಂದು ಕೇಳಲು ತಿಳಿಸಿದರೆ ಸಾಕು.

ಪೊರೆಯಲ್ಲಿ ಅಡಗಿದ ಕ್ಷಯ

ಪಂಚಾಯಿತಿಯ ಕೈಯಲ್ಲಿ ನಿಜವಾಗಿ ಏನಾದರೂ ಇರುವುದು ಇಲ್ಲಿ. ಶ್ವಾಸಕೋಶಕ್ಕೆ ತಗಲಿದ ಕ್ಷಯದ ರೋಗಾಣು ರಕ್ತದ ಮೂಲಕ ಅಂಡನಾಳಕ್ಕೂ, ಅಲ್ಲಿಂದ ಗರ್ಭಕೋಶದ ಒಳಪೊರೆಗೂ ಇಳಿಯಬಲ್ಲದು. ಜನನಾಂಗದ ಕ್ಷಯದಲ್ಲಿ ಅಂಡನಾಳ ಬಹುತೇಕ ಯಾವಾಗಲೂ, ಒಳಪೊರೆ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ರೋಗಕ್ಕೆ ಸಿಕ್ಕಿರುತ್ತದೆ. ಭಾರತದಲ್ಲಿ ಸಂತಾನಹೀನತೆಗೆ ಇದೊಂದು ಮುಖ್ಯ ಕಾರಣ. ಕೆಮ್ಮಿಲ್ಲ, ಕಫವಿಲ್ಲ; ಅನೇಕರಲ್ಲಿ ಯಾವ ಲಕ್ಷಣವೂ ಇಲ್ಲ. ಕೆಲವರಲ್ಲಿ ಮುಟ್ಟು ಕಡಿಮೆಯಾಗುವುದು ಅಥವಾ ನಿಲ್ಲುವುದು, ಕಿಬ್ಬೊಟ್ಟೆ ನೋವು, ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು ಕಾಣುತ್ತವೆ.

2023ರ ಮಾರ್ಚ್ 24ರಂದು ಆರಂಭವಾದ ಕ್ಷಯಮುಕ್ತ ಪಂಚಾಯಿತಿ ಕಾರ್ಯಕ್ರಮದಡಿ ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಕನಿಷ್ಠ 30 ಶಂಕಿತರ ಪರೀಕ್ಷೆ ಎಂಬ ಮಾನದಂಡ ಸದಸ್ಯರಿಗೆ ತಿಳಿದಿದೆ. ಈ ಎಣಿಕೆ ಬಹುಮಟ್ಟಿಗೆ ಕೆಮ್ಮಿನ ಸುತ್ತ ನಡೆಯುತ್ತದೆ. ಕಫ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದ ಊರಿನಲ್ಲಿಯೂ ಈ ರೋಗ ಒಬ್ಬಿಬ್ಬರ ಗರ್ಭಕೋಶದಲ್ಲಿ ಮೌನವಾಗಿ ಕುಳಿತಿರಬಹುದು. ಇದನ್ನು ಕಂಡುಹಿಡಿಯುವ ವಿಧಾನ ಬೇರೆ: ಮುಟ್ಟಿಗೆ ಕೆಲವು ದಿನ ಮೊದಲು ಒಳಪೊರೆಯ ಚೂರನ್ನು ತೆಗೆದು ರೋಗಾಣುವಿನ ಪರೀಕ್ಷೆಗೆ ಕಳುಹಿಸುವುದು, ಅಗತ್ಯವಾದರೆ ಲ್ಯಾಪರೊಸ್ಕೋಪಿಯಿಂದ ನೋಡುವುದು. ಆದ್ದರಿಂದ ಮಕ್ಕಳಾಗದ ಸ್ತ್ರೀಗೆ ಹಿಂದೆ ಕ್ಷಯ ಬಂದಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ, ಸಮುದಾಯ ಆರೋಗ್ಯ ಅಧಿಕಾರಿಯು ಆ ಸಂಗತಿಯನ್ನು ಉಲ್ಲೇಖಿಸಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಶಿಫಾರಸು ಮಾಡುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ ನೋಡಿಕೊಳ್ಳಬೇಕು.

ರೋಗ ದೃಢಪಟ್ಟರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ಸರ್ಕಾರದಿಂದ ಉಚಿತ. ನಿಕ್ಷಯ್ ಪೋಷಣ್ ಯೋಜನೆಯ ನೆರವು 2024ರ ನವೆಂಬರಿನಿಂದ ತಿಂಗಳಿಗೆ ರೂ. 1,000ಕ್ಕೆ ಏರಿದೆ. ಬೇಗ ಪತ್ತೆಯಾದರೆ ತಳಪದರ ಉಳಿಯುತ್ತದೆ, ಪೊರೆ ಮತ್ತೆ ಚಿಗುರುತ್ತದೆ. ತಡವಾದರೆ ರೋಗಾಣು ಸತ್ತರೂ ಗಾಯದ ಕಲೆ ಉಳಿಯುತ್ತದೆ, ಮುಚ್ಚಿದ ಅಂಡನಾಳ ತೆರೆಯುವುದಿಲ್ಲ. ತವರಿಗೆ ಕಳುಹಿಸಿದ ಸೊಸೆ ಅಲ್ಲಿ ಕಳೆಯುವ ಎರಡು ವರ್ಷ ಎಂದರೆ ಹಲವು ವೇಳೆ ಈ ಚಿಕಿತ್ಸೆ ಕಳೆದುಕೊಂಡ ಎರಡು ವರ್ಷ.

ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸುವಾಗ ಹೆಸರುಗಳನ್ನು ಓದಬಾರದು. ಎಷ್ಟು ದಂಪತಿಗಳಿಗೆ ಮಾಹಿತಿ ನೀಡಲಾಯಿತು, ಎಷ್ಟು ಮಂದಿ ಗಂಡಂದಿರು ಪರೀಕ್ಷೆಗೆ ಹೋದರು, ಎಷ್ಟು ಮಂದಿಯನ್ನು ಸ್ತ್ರೀರೋಗ ತಜ್ಞರಿಗೆ ಶಿಫಾರಸು ಮಾಡಲಾಯಿತು ಎಂಬ ಸಂಖ್ಯೆಗಳನ್ನಷ್ಟೇ ನಡವಳಿಯಲ್ಲಿ ಬರೆಯಬೇಕು. ಹೆಸರುಗಳಿರುವ ವಹಿ ಆರೋಗ್ಯ ಸಿಬ್ಬಂದಿಯ ಬಳಿಯೇ ಇರತಕ್ಕದ್ದು.